ಮೂರು ದನಿಯಲ್ಲಿ ಒಂದು ಹೆಸರು

ಟೊಲೀಡೋ ಊರಿನ ಒಂದು ನೆಲಮಾಳಿಗೆಯಲ್ಲಿ
ಮೊಟ್ಟೆ ಟ್ರೇಯಂಥ ಸ್ಪಂಜು ಬಡಿದ ಗೋಡೆಗಳ ನಡುವೆ
ಹದಿನೇಳು ದಿನ ಕೂತು ಹೆಸರು ಕೂಗಿದೆ.
ಒಂದೊಂದು ಹೆಸರೂ ಮೂರು ಸಲ:
ಬ್ಯಾಟು ಹಿಡಿದು ಬರುವಾಗ ಒಮ್ಮೆ, ದನಿ ಏರಿಸಿ;
ಮಾತಿನ ನಡುವೆ ಒಮ್ಮೆ, ಸಮತಟ್ಟಾಗಿ;
ಔಟಾಗಿ ತಲೆತಗ್ಗಿಸಿ ಹೋಗುವಾಗ ಒಮ್ಮೆ,
ಮಲಗಿದ ಮಗುವಿನ ಕೋಣೆಯ ಬಾಗಿಲು ಎಳೆದುಕೊಂಡ ಹಾಗೆ.

ಗಾಜಿನಾಚೆ ಕೂತ ಹುಡುಗಿ, ಥಿಯಾ ಲುಂಡ್‌ಬರ್ಗ್,
"ಡೆಲ್ಮರ್, ಇನ್ನೊಮ್ಮೆ. ಸಂತೋಷ ಸಾಲದು" ಅನ್ನುವಳು.
ಎಂಟುನೂರ ಹನ್ನೆರಡು ಹೆಸರಿಗೆ
ಎಲ್ಲಿಂದ ತರಲಿ ಅಷ್ಟೊಂದು ಸಂತೋಷ?
ಬಿಸಿನೀರಿಗೆ ಜೇನು ಬೆರೆಸಿ ಕುಡಿದು, ತಂದೆ.

ಹೆಸರುಗಳೆಲ್ಲ ಲೀಗಿನವರ ಸ್ವತ್ತು.
ಬಾಡಿಗೆಗೆ ತಂದದ್ದು: ಟೊಪ್ಪಿಯ ಮೇಲಿನ ಅಕ್ಷರ,
ಮೈದಾನದ ಎಡಗೋಡೆಯ ಎತ್ತರ,
ಒಬ್ಬ ಪಿಚರನ ಗಡ್ಡ ಕೂಡ.
ಬಾಡಿಗೆ ಮನೆಗೆ ಬಣ್ಣ ಬಳಿದವರಿಗೆ ಗೊತ್ತು
ಗೋಡೆಯ ಮೇಲೆ ಎಷ್ಟು ಆಸೆ ಇಡಬಹುದೆಂದು.

ಕೊನೆಯ ದಿನ, ಪಟ್ಟಿ ಮುಗಿದ ಮೇಲೆ,
ನಾನಾಗಿ ಒಂದು ಹೆಸರು ಸೇರಿಸಿದೆ: ಪ್ಶಿಬಿಲ್‌ಸ್ಕಿ.
ಆಟಗಾರನಲ್ಲ ಅವನು.
ಈರೀ ಊರಿನ ಹಳೆಯ ಮೈದಾನದಲ್ಲಿ ಬೆಳಿಗ್ಗೆ ಆರಕ್ಕೆ
ಸುಣ್ಣದ ಗೆರೆ ಎಳೆಯುತ್ತಿದ್ದ ಮುದುಕ.
ಗೆರೆ ತುಳಿದರೆ ಪೋಲಿಷ್‌ನಲ್ಲಿ ಬೈಯುತ್ತಿದ್ದ.
ಆ ಬೈಗುಳ ಬಿಟ್ಟರೆ ಆ ಭಾಷೆ ನನಗೆ ಈಗಲೂ ಬಾರದು.
ಥಿಯಾ ಕೇಳಿದಳು, ಯಾರಿವನು?
ಬೇಕಾದೀತು, ಅಂದೆ.
ಅವಳು ಗುಂಡಿ ಒತ್ತಿದಳು. ಮೂರು ಸಲ.

ಮೊದಲ ವರ್ಷ ಅಂಗಡಿಗಳ ಮುಂದೆ ಸಾಲು.
ಎರಡನೆಯ ವರ್ಷ ಹುಲ್ಲು ಇನ್ನಷ್ಟು ಹಸಿರಾಯಿತು,
ಓಡುವವನ ಷೂ ಹಿಂದೆ ಧೂಳೆದ್ದಿತು,
ಧೂಳಿಗೆ ಬಹುಮಾನ ಕೂಡ ಬಂತು.
ನಾಲ್ಕನೆಯದರಲ್ಲಿ ಹೊಸದೆಂದರೆ
ಡಬ್ಬಿಯ ಮೇಲಿನ ಇಸವಿ.
ಪ್ರೇಕ್ಷಕರಲ್ಲಿ ಹಳದಿ ಟೊಪ್ಪಿಯ ಹೆಂಗಸೊಬ್ಬಳು
ಹನ್ನೆರಡು ಜಾಗದಲ್ಲಿ ಒಟ್ಟಿಗೇ ಎದ್ದು
ಚೆಂಡು ಕೈಬಿಡುವ ಮೊದಲೇ ಚಪ್ಪಾಳೆ ತಟ್ಟುವಳು.
ಜುಲೈ ಬಿಸಿಲಲ್ಲಿ ನನ್ನ ದನಿ
"ಏನು ಚಳಿಯಪ್ಪಾ ಇವತ್ತು" ಅನ್ನುವುದು.
ಪಕ್ಕದ ಮನೆಯ ಪೋರ ಬೇಲಿ ಮೇಲಿಂದ ಕೂಗುವನು:
ಮಿಸ್ಟರ್ ಹ್ಯಾಗರ್ಟಿ, ಸ್ವೆಟರು ಕೊಡಲಾ?
ತಿದ್ದಿ ಹೇಳಿಸಲು ಯಾರೂ ನನ್ನನ್ನು ಕರೆಯಲಿಲ್ಲ.

ಏಳನೆಯ ವರ್ಷ ಪರವಾನಗಿ ಹೋಯಿತು.
ಆ ಮಹಡಿಯಲ್ಲಿ ಥಿಯಾ ಒಬ್ಬಳೇ ಉಳಿದಿದ್ದಳು,
ಅವಳೂ, ಕಾಫಿ ಯಂತ್ರವೂ.
ಹೆಸರುಗಳನ್ನು ಒಂದೊಂದಾಗಿ ಅಳಿಸಿದಳಂತೆ,
ಒಮ್ಮೆಗೇ ಅಳಿಸಬಹುದಿತ್ತು.
ಫೋನಿನಲ್ಲಿ ಇಷ್ಟೇ ಹೇಳಿದಳು:
ನಿಮ್ಮ ಸಂತೋಷವನ್ನೆಲ್ಲ ಇನ್ನೊಮ್ಮೆ ಕೇಳಿದೆ.
ಉಳಿದದ್ದು "ಎಡಗೈಯವನು". "ಈ ಹುಡುಗ". "ಮುಂದಿನವನು".

ಮೊನ್ನೆ ಹಳೆ ಸಾಮಾನಿನ ಅಂಗಡಿಯಲ್ಲಿ,
ಕೆಟ್ಟ ಟೋಸ್ಟರಿನ ಪಕ್ಕ, ಆ ಕೊನೆಯ ಆವೃತ್ತಿ.
ಎಪ್ಪತ್ತೈದು ಸೆಂಟು. ಟೋಸ್ಟರಿಗೇ ನಾಲ್ಕು ಡಾಲರು.
ತಂದು ಹಾಕಿದೆ. ಎದೆಯ ಮೇಲೆ ಏನೂ ಬರೆಯದ ಅಂಗಿ,
ಯಾವ ನಕಾಶೆಯಲ್ಲೂ ಇಲ್ಲದ ಊರಿನ ತಂಡ,
ಗಡ್ಡವಿಲ್ಲದ, ಒಂದೇ ಮುಖದ ಹುಡುಗರು.
ಮೊದಲನೆಯವನು ಬ್ಯಾಟು ಹಿಡಿದು ಬಂದ.
ಒಳಗೆಲ್ಲೋ ಯಂತ್ರ ತಡಕಾಡಿತು,
ಖಾಲಿ ಡಬ್ಬಕ್ಕೆ ಕೈ ಹಾಕಿದಂತೆ.
ತಳದಲ್ಲಿ ಒಂದೇ ಕಾಳು.
"ಪ್ಶಿಬಿಲ್‌ಸ್ಕಿ!"
ನಲವತ್ತೊಂದರ ನನ್ನ ಗಂಟಲು, ಎಷ್ಟು ಎಳಸು.
ಎರಡನೆಯವನು. ಪ್ಶಿಬಿಲ್‌ಸ್ಕಿ.
ಮೂರನೆಯವನು ಔಟಾಗಿ ಹೋದ, ಮೆಲ್ಲಗೆ, ಪ್ಶಿಬಿಲ್‌ಸ್ಕಿ.

ಲೀಗಿನ ಪಟ್ಟಿಯಲ್ಲೇ ಇಲ್ಲದ ಹೆಸರನ್ನು
ಅಳಿಸಬೇಕೆಂದು ಯಾರಿಗೂ ತೋಚಿರಲಿಲ್ಲ.
ಥಿಯಾಗೆ ತೋಚಿತ್ತೋ ಏನೋ.

ಹದಿನೆಂಟು ಮಂದಿ ಪ್ಶಿಬಿಲ್‌ಸ್ಕಿಗಳು
ಒಬ್ಬರಿಗೊಬ್ಬರು ಚೆಂಡೆಸೆದು, ಓಡಿ, ಜಾರಿ,
ಸುಣ್ಣದ ಗೆರೆಯನ್ನು ಮನಸೋ ಇಚ್ಛೆ ತುಳಿದರು.
ಗೆರೆ ಒಂದಿಷ್ಟೂ ಮಾಸಲಿಲ್ಲ.
ಹಳದಿ ಟೊಪ್ಪಿಯವಳು ಮೊದಲೇ ಎದ್ದು ನಿಂತಿದ್ದಳು.
ನಾನು ಸೋಫಾದ ಅಂಚಿಗೆ ಸರಿದು
ಬಾಯ್ತುಂಬ, ಪೋಲಿಷ್‌ನಲ್ಲಿ,
ಬೈದೆ.